ಕಡಿಮೆ ಫೀಸು, ಒಳ್ಳೆಯ ಕಲಿಕೆ, ಪಾಲಕರ ಕೈಜೋಡಣೆ: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಗೆ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ ಒಂದೇ ಮಾತು: ಯಾವ ಶಾಲೆ? ನಮ್ಮ ಮಕ್ಕಳು ಓದುತ್ತಿರುವುದು ಕಡಿಮೆ ಫೀಸಿನ ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿ. ಅಲ್ಲಿ ಬಾಯಿಪಾಠ ಕಡಿಮೆ, ಪಾಲಕರಿಗೆ ಕೆಲಸ ಜಾಸ್ತಿ. ಇದು ಗೊತ್ತಿದ್ದವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಸೊಸೈಟಿ ಗೇಟಿನ ಹತ್ತಿರ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬರೆದು, ನನಗೆ ತಿಳಿದಷ್ಟು ಉತ್ತರ ಕೊಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಪ್ರೋಗ್ರೆಸಿವ್ ಶಾಲೆ ಅಂದ್ರ ಏನ್ರೀ? ಮಕ್ಕಳು ಬರೇ ಆಟ ಆಡ್ಕೋತ ಇರ್ತಾವೇನು?

ಆಡುತ್ತಾರೆ, ಹೌದು. ಆದರೆ ಆ ಆಟದ ಹಿಂದೆ ಟೀಚರ್ ಹಿಂದಿನ ದಿನವೇ ಮಾಡಿಟ್ಟ ತಯಾರಿ ಇರುತ್ತದೆ. ಪಾಠವನ್ನು ಉರು ಹೊಡೆಸುವ ಬದಲು ಮಗು ತಾನೇ ಮಾಡಿ, ನೋಡಿ, ಪ್ರಶ್ನೆ ಕೇಳಿ ಕಲಿಯಲಿ ಅನ್ನುವುದು ಇಂಥ ಶಾಲೆಗಳ ದಾರಿ. ಹೊಡೆಯುವುದಿಲ್ಲ, ಹೆದರಿಸುವುದಿಲ್ಲ, ಮೊದಲನೆಯವನು ಕೊನೆಯವನು ಅಂತ ಸಾಲು ನಿಲ್ಲಿಸುವುದಿಲ್ಲ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಆ ವಿಚಾರವನ್ನು ಮಹಾರಾಷ್ಟ್ರಕ್ಕೆ ತಂದರು. ಆಮೇಲೆ ಅನುತಾಯಿ ವಾಘ್ ಜೊತೆ ಸೇರಿ ಬೋರ್ಡಿ ಮತ್ತು ಕೋಸಬಾಡ್‌ನಲ್ಲಿ ಆದಿವಾಸಿ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ನಮ್ಮ ಕಡೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇಂಥದ್ದೇ ಪ್ರಯೋಗ ಮಾಡಿದ್ದರು. ಧಾರವಾಡದ ಬಾಲಬಳಗ ಇದನ್ನು ಕನ್ನಡದಲ್ಲೇ ನಡೆಸುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಕೂಡ ಚಟುವಟಿಕೆ ಮತ್ತು ಹುಡುಕಾಟದ ಮೂಲಕವೇ ಕಲಿಸಬೇಕು, ಮಗುವಿಗೆ ಭಯ ಇರಬಾರದು ಅನ್ನುತ್ತದೆ. ಅಂದರೆ ಇದು ಎಲ್ಲಾ ಶಾಲೆಗಳೂ ಮಾಡಬೇಕಾದ ಕೆಲಸವೇ.

ಅಂಥ ಶಾಲೆ ಎಲ್ಲಾ ದುಬಾರಿ ಅಲ್ವಾ? ನಮ್ಮಂಥೋರಿಗೆ ಎಲ್ಲಿ ಸಿಗುತ್ತೆ?

ದೊಡ್ಡ ಕ್ಯಾಂಪಸ್, ಎಸಿ ಬಸ್, 'ಇಂಟರ್‌ನ್ಯಾಷನಲ್' ಅನ್ನುವ ಬೋರ್ಡು ನೋಡಿ ಹಾಗನ್ನಿಸುತ್ತದೆ. ಆದರೆ ಪುಣೆಯಲ್ಲಿ ಮಕ್ಕಳ ಕಲಿಕೆಯ ಬಗ್ಗೆ ತಲೆ ಕೆಡಿಸಿಕೊಂಡ ಶಾಲೆಗಳಲ್ಲಿ ಹಲವು ಮರಾಠಿ ಮಾಧ್ಯಮದವು. 1992ರಲ್ಲಿ ಶುರುವಾದ ಅಕ್ಷರನಂದನ ಅದಕ್ಕೆ ಹೆಸರಾದದ್ದು. ಸಾತಾರಾ ಜಿಲ್ಲೆಯ ಫಲಟಣದಲ್ಲಿ ಮ್ಯಾಕ್ಸಿನ್ ಬರ್ನ್‌ಸನ್ ಕಟ್ಟಿದ ಕಮಲಾ ನಿಂಬಕರ್ ಬಾಲಭವನವೂ ಮರಾಠಿಯದ್ದೇ. ಇಂಗ್ಲಿಷ್ ಮಾಧ್ಯಮವೇ ಬೇಕು ಎಂದು ಹಟ ಹಿಡಿದರೆ ಕಡಿಮೆ ಫೀಸಿನಲ್ಲಿ ಸಿಗುವ ಒಳ್ಳೆಯ ಶಾಲೆಗಳು ಕೈತಪ್ಪುತ್ತವೆ. ಹುಡುಕುವಾಗ ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಕನ್ನಡದವರದ್ದೇ ಶಾಲೆ ಬೇಕು ಅನ್ನುವವರು ಎರಂಡವಣೆಯ ಕಡೆ ಪುಣೆ ಕನ್ನಡ ಸಂಘ ನಡೆಸುವ ಡಾ. ಕಲ್ಮಾಡಿ ಶಾಮರಾವ್ ಶಾಲೆಗೂ ಹೋಗಿ ವಿಚಾರಿಸಬಹುದು.

ಫೀಸ್ ಕಡಿಮೆ ಅಂತಾರೆ, ಆಮೇಲೆ ಒಂದೊಂದೇ ಬಿಲ್ ಬರುತ್ತೆ. ಲೆಕ್ಕ ಹೇಗೆ ಹಾಕೋದು?

ಟ್ಯೂಷನ್ ಫೀಸು ಒಂದನ್ನೇ ಕೇಳಬೇಡಿ. ಟರ್ಮ್ ಫೀಸು, ಪುಸ್ತಕ, ಯೂನಿಫಾರ್ಮು, ವ್ಯಾನು, ಪ್ರವಾಸ, ಗ್ಯಾದರಿಂಗಿನ (ಶಾಲೆಯ ವಾರ್ಷಿಕೋತ್ಸವದ) ಡ್ರೆಸ್ಸು ಎಲ್ಲಾ ಸೇರಿ ವರ್ಷಕ್ಕೆ ಎಷ್ಟು ಎಂದು ಹೋದ ವರ್ಷ ಕಟ್ಟಿದ ಪಾಲಕರನ್ನೇ ಕೇಳಿ. ಹೆಚ್ಚು ಮನೆಗಳಲ್ಲಿ ಬಜೆಟ್ ಮೀರುವುದು ವ್ಯಾನಿನಿಂದ. ನಡೆದು ಹೋಗುವ ದೂರದಲ್ಲಿ ಶಾಲೆ ಸಿಕ್ಕರೆ ಅದೇ ದೊಡ್ಡ ಉಳಿತಾಯ.

ಕಡಿಮೆ ಫೀಸಿನಲ್ಲಿ ಶಾಲೆ ಹೇಗೆ ನಡೆಯುತ್ತದೆ ಅನ್ನುವುದೂ ತಿಳಿದಿರಲಿ. ಉದಾಹರಣೆಗೆ ಒಂದು ತರಗತಿಯಲ್ಲಿ 30 ಮಕ್ಕಳು, ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಎಲ್ಲರೂ ಕಟ್ಟಿದರೆ 60,000. ಅದರಲ್ಲಿ ಟೀಚರ್ ಸಂಬಳ, ಬಾಡಿಗೆ, ಕರೆಂಟು, ಆಯಾ, ಕಚೇರಿ ಎಲ್ಲಾ ಆಗಬೇಕು. ಹಾಗಾಗಿ ಕಟ್ಟಡ ಸಾದಾ ಇರುತ್ತದೆ, ಸ್ಮಾರ್ಟ್ ಬೋರ್ಡ್ ಇರುವುದಿಲ್ಲ. ಅದು ಸರಿಯೇ. ಆದರೆ ಟೀಚರ್ ಸಂಬಳದಲ್ಲಿ ಕೈ ಬಿಗಿ ಹಿಡಿದು ಫೀಸು ಇಳಿಸಿದ ಶಾಲೆಯಲ್ಲಿ ಟೀಚರ್‌ಗಳು ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ. 'ಈ ಟೀಚರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ?' ಎಂದು ತಪ್ಪದೆ ಕೇಳಿ.

ಮಗ ನವೆಂಬರ್‌ನಲ್ಲಿ ಹುಟ್ಟಿದ್ದು. ಈ ವರ್ಷ ಒಂದನೇ ಕ್ಲಾಸಿಗೆ ಆಗುತ್ತಾ?

ಮಹಾರಾಷ್ಟ್ರದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ 6 ವರ್ಷ ತುಂಬುವಂತಿದ್ದರೆ ಆಗುತ್ತದೆ. ಕರ್ನಾಟಕದಲ್ಲಿ ಲೆಕ್ಕ ಜೂನ್ 1ಕ್ಕೆ. ಮುಂದೆ ಊರಿಗೆ ಮರಳುವ ಯೋಚನೆ ಇದ್ದರೆ ಒಂದು ವರ್ಷ ತಡವಾಗಿ ಸೇರಿಸಿದರೂ ನಷ್ಟವಿಲ್ಲ.

ಇಂಟರ್ವ್ಯೂಗೆ ಮಗೂನ ರೆಡಿ ಮಾಡಿಸ್ಬೇಕಾ? ನಮ್ಮನ್ನೂ ಇಂಗ್ಲಿಷಲ್ಲಿ ಕೇಳ್ತಾರಂತೆ.

ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ಸೇರಿಸಿಕೊಳ್ಳಲು ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ ಇದೆ. ಸೀಟಿಗಾಗಿ ಕ್ಯಾಪಿಟೇಷನ್ ಡೊನೇಷನ್ ತೆಗೆದುಕೊಂಡರೆ ಆ ಹಣದ ಹತ್ತು ಪಟ್ಟಿನವರೆಗೆ ದಂಡ. ಒಳ್ಳೆಯ ಶಾಲೆಯವರು ಸೇರಿಸಿಕೊಂಡ ಮೇಲೆ ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ. ಮಗು ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಮನೆಯಲ್ಲಿ ಯಾರ ಹತ್ತಿರ ಮಲಗುತ್ತದೆ ಎಂದು ಕೇಳುತ್ತಾರೆ. ಅದು ಇಂಟರ್ವ್ಯೂ ಅಲ್ಲ, ಪರಿಚಯ.

ಶಾಲೆ ನೋಡೋಕೆ ಹೋದಾಗ ಏನ್ ನೋಡ್ಲಿ?

ನಾನು ಮೊದಲು ನೋಡುವುದು ಟಾಯ್ಲೆಟ್. ಆಮೇಲೆ ಲೈಬ್ರರಿ: ಪುಸ್ತಕಗಳು ಹರಿದು, ಅಂಟಿಸಿ, ಕೈಯಾಡಿ ಮಾಸಿರಬೇಕು. ಗಾಜಿನ ಕಪಾಟಿನಲ್ಲಿ ಬೀಗ ಹಾಕಿದ ಹೊಸ ಪುಸ್ತಕಗಳಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ. ಗೋಡೆಯ ಮೇಲಿನ ಚಿತ್ರಗಳನ್ನೂ ನೋಡಿ. ಮೂವತ್ತು ಮಕ್ಕಳ ಮೂವತ್ತು ಚಿತ್ರವೂ ಒಂದೇ ಥರ ಇದ್ದರೆ ಟೀಚರ್ ಬರೆದದ್ದನ್ನು ಎಲ್ಲರೂ ನಕಲು ಮಾಡಿದ್ದಾರೆ ಎಂದರ್ಥ. ಒಬ್ಬ ಹುಡುಗ ತಪ್ಪು ಉತ್ತರ ಹೇಳಿದಾಗ ಟೀಚರ್ ಮುಖ ಹೇಗಾಗುತ್ತದೆ, ಉಳಿದ ಮಕ್ಕಳು ನಗುತ್ತಾರಾ ಅನ್ನುವುದನ್ನು ಗಮನಿಸಿ. ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕೊನೆಗೆ ಕಚೇರಿಯಲ್ಲಿ ಮಾನ್ಯತೆ ಪತ್ರ ಮತ್ತು ಸರ್ಕಾರದ ದಾಖಲೆಯಲ್ಲಿ ಪ್ರತಿ ಶಾಲೆಗೂ ಇರುವ 11 ಅಂಕಿಯ ಯುಡೈಸ್ ನಂಬರ್ ಕೇಳಿ. ಮಾನ್ಯತೆ ಇಲ್ಲದ ಶಾಲೆಗಳು ಊರಲ್ಲಿ ಇವೆ, ಹುಷಾರು.

## ಭಾಷೆಯ ವಿಷಯ

ಮನೇಲಿ ಕನ್ನಡ, ಶಾಲೇಲಿ ಮರಾಠಿ, ಆಮೇಲೆ ಇಂಗ್ಲಿಷ್. ಮಗುಗೆ ತಲೆ ಕೆಡಲ್ವಾ?

ಕೆಡುವುದಿಲ್ಲ. ಅಕ್ಕಲಕೋಟೆ, ಜತ್ತ, ನಿಪ್ಪಾಣಿ ಕಡೆಯ ಮಕ್ಕಳು ತಲೆತಲಾಂತರದಿಂದ ಎರಡು ಭಾಷೆಯಲ್ಲೇ ಬೆಳೆದಿದ್ದಾರೆ. ಮೊದಲ ಕೆಲವು ತಿಂಗಳು ಮಗು ಶಾಲೆಯಲ್ಲಿ ಸುಮ್ಮನಿರಬಹುದು. ಆಗ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಎರಡು ಭಾಷೆ ಬೆರೆಸಿ ಮಾತಾಡಿದರೂ ತಿದ್ದಿ ತಿದ್ದಿ ಕಾಡಬೇಡಿ.

ಟೀಚರ್ 'ಮನೆಯಲ್ಲಿ ಮರಾಠಿ ಮಾತಾಡಿ' ಎಂದು ಹೇಳಿದರೆ ಒಪ್ಪಬೇಡಿ, ನಯವಾಗಿಯೇ ಹೇಳಿ. ಮನೆಯಲ್ಲಿ ಕನ್ನಡ ಗಟ್ಟಿಯಾಗಿದ್ದಷ್ಟು ಉಳಿದ ಭಾಷೆ ಸಲೀಸಾಗಿ ಬರುತ್ತದೆ. ಅಜ್ಜಿ ಕಥೆ ಹೇಳಲಿ, ಅಪ್ಪ ತರಕಾರಿ ಲೆಕ್ಕ ಕನ್ನಡದಲ್ಲೇ ಮಾಡಲಿ. ಒಳ್ಳೆಯ ಶಾಲೆಯವರು ಇದನ್ನು ತಾವೇ ಹೇಳುತ್ತಾರೆ.

ಮರಾಠಿ ಬಿಡೋಕೆ ಆಗುತ್ತಾ? ಕನ್ನಡ ಓದೋಕೆ ಬರೆಯೋಕೆ ಯಾರು ಕಲಿಸ್ತಾರೆ?

ಬಿಡಲು ಬರುವುದಿಲ್ಲ. 2020ರ ಕಾಯ್ದೆಯಂತೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ 1ರಿಂದ 10ರವರೆಗೆ ಮರಾಠಿ ಕಡ್ಡಾಯ. ಬಿಡಬೇಕು ಅನ್ನುವ ಆಸೆಯೂ ಬೇಡ, ಇಲ್ಲಿ ಬದುಕುವ ಮಗುವಿಗೆ ಇಲ್ಲಿನ ಮಾತು ಬೇಕು.

ಕನ್ನಡದ ಅಕ್ಷರ ಮನೆಯಲ್ಲೇ ಆಗಬೇಕು. ಸೇನಾಪತಿ ಬಾಪಟ್ ರಸ್ತೆಯಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಇದೆಯಲ್ಲ, ಅದು ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಗಡಿಭಾಗದ ಸೊಲ್ಲಾಪುರ, ಸಾಂಗಲಿ ಕಡೆಯ ಕನ್ನಡ ಶಾಲೆಗಳಿಗೆ ಹೋಗುವ ಅದೇ ಪುಸ್ತಕ. ಪುಣೆಯಿಂದಲೇ ಹೊರಬರುವ ಕನ್ನಡ ಪುಸ್ತಕದ ಬಗ್ಗೆ ಪುಣೆಯ ಕನ್ನಡಿಗರಿಗೇ ಗೊತ್ತಿಲ್ಲದಿರುವುದು ನನಗೆ ಬೇಜಾರಿನ ಸಂಗತಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಮರಾಠಿಯ ದೇವನಾಗರಿ ಬಂದ ಮಗುವಿಗೆ ಕಾಗುಣಿತ, ಒತ್ತಕ್ಷರದ ಲೆಕ್ಕಾಚಾರ ಹೊಸದಲ್ಲ, ಹೊಸದು ಹೆಚ್ಚಾಗಿ ಅಕ್ಷರದ ಆಕಾರ.

## ಪಾಲಕರ ಪಾಲು

ನಂಗ ಇಂಗ್ಲಿಷ್ ಬರಂಗಿಲ್ರೀ, ಏಳನೇತ್ತಾ ಓದೀನಿ. ಸಾಲಿಗೆ ಹೋಗಿ ನಾ ಏನ್ ಮಾಡ್ಲಿ?

ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆಯೋ ಅದನ್ನೇ ಮಕ್ಕಳಿಗೆ ತೋರಿಸಿ.

ನಮ್ಮ ಶಾಲೆಯ ಪಾಲಕರಲ್ಲಿ ಅಕ್ಕಲಕೋಟೆ ಕಡೆಯ ಒಬ್ಬ ದರ್ಜಿ ಇದ್ದಾರೆ. ಮೂರನೇ ತರಗತಿಗೆ ಅಳತೆಯ ಪಾಠ ನಡೆದಾಗ ಅವರನ್ನು ಕರೆದರು. ಅವರು ಹೆಗಲ ಮೇಲಿನ ಟೇಪು ತೆಗೆದು ಮೇಜಿನ ಮೇಲೆ ಹಾಸಿದರು. ಇಬ್ಬಿಬ್ಬರು ಮಕ್ಕಳು ಸೇರಿ ಒಬ್ಬರ ತೋಳು ಇನ್ನೊಬ್ಬರು ಅಳೆದರು. ಒಬ್ಬಳು 16 ಎಂದು ಬರೆದಳು, ಅದೇ ತೋಳಿಗೆ ಇನ್ನೊಬ್ಬ 41 ಎಂದು ಬರೆದ. ಜಗಳ ಶುರು. ದರ್ಜಿ ಮಾತಾಡಲಿಲ್ಲ, ಟೇಪನ್ನು ತಿರುಗಿಸಿ ತೋರಿಸಿದರು. ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್. 10 ಇಂಚು ಬಂದ ಕಡೆ ಆ ಬದಿ 25 ದಾಟಿ ಸ್ವಲ್ಪ ಮುಂದೆ ಹೋಗಿರುತ್ತದೆ ಅನ್ನುವುದನ್ನು ಮಕ್ಕಳೇ ಬೆರಳಿಟ್ಟು ಹಿಡಿದರು. 'ಹೊಲಿಗೆಗೆ ಎಷ್ಟು ಬಟ್ಟೆ ಜಾಸ್ತಿ ಬಿಡ್ತೀರಿ, ಯಾಕೆ?' ಎಂದು ಒಬ್ಬ ಕೇಳಿದ. ಉತ್ತರ ಕೊಡುವಾಗ ಅವರ ಮರಾಠಿಯಲ್ಲಿ ಅರ್ಧ ಕನ್ನಡ ಇತ್ತು. ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ. ಅವರ ಮಗಳು ಅಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದಳು. ಅಪ್ಪನ ಕೆಲಸವನ್ನು ಇಡೀ ಕ್ಲಾಸು ಬಾಯಿಬಿಟ್ಟು ನೋಡುತ್ತಿದೆ ಅನ್ನುವುದು ಆ ಮಗುವಿಗೆ ಎಂಥ ಸಂತೋಷ ಅಲ್ವಾ?

ಜೋಳದ ರೊಟ್ಟಿ ಬಡಿಯುವವರು, ಗಾರೆ ಕೆಲಸದವರು, ಉಡುಪಿ ಹೋಟೆಲಿನ ಕ್ಯಾಶಿನಲ್ಲಿ ಕೂರುವವರು, ಲ್ಯಾಬ್ ಟೆಕ್ನಿಷಿಯನ್, ಹಾಡು ಬರುವ ಅಜ್ಜಿ, ಎಲ್ಲರ ಹತ್ತಿರವೂ ಪಾಠ ಇದೆ. ಅದನ್ನು ಹುಡುಕಿ ತೆಗೆಯುವುದು ಟೀಚರ್ ಕೆಲಸ. ನಿಮ್ಮನ್ನು ಬರೀ ಗ್ಯಾದರಿಂಗಿನ ಕುರ್ಚಿ ಜೋಡಿಸಲು ಕರೆಯುವ ಶಾಲೆಗೆ ನಿಮ್ಮ ಬೆಲೆ ತಿಳಿದಿಲ್ಲ.

ನಂದು ಹಿಂಜವಡಿಯಲ್ಲಿ ನೈಟ್ ಶಿಫ್ಟ್, ಇವಳದ್ದು ಬೆಳಿಗ್ಗೆ. ಟೈಮ್ ಕೊಡೋಕಾಗದವರು ಇಂಥ ಶಾಲೆ ಬಿಡೋದೇ ಒಳ್ಳೇದಾ?

ಬಿಡಬೇಡಿ. ಈ ಪ್ರಶ್ನೆಯನ್ನು ಶಾಲೆಯವರಿಗೇ ಕೇಳಿ: 'ಬರೋಕಾಗದ ಪಾಲಕರಿಗೆ ಏನು ಮಾಡ್ತೀರಿ?' ಅವರ ಉತ್ತರದಲ್ಲಿ ಎಲ್ಲಾ ಇದೆ.

ಫೀಸು ಕಡಿಮೆ ಮಾಡಿ, ಅದರ ಬದಲು ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ದಿನಗೂಲಿಯವರು ಆ ದಿನದ ಕೂಲಿ ಕಳೆದುಕೊಂಡು ಬರಬೇಕು. ಅವರಿಗೆ ಆ ಶಾಲೆ ಅಗ್ಗವಾಗಲಿಲ್ಲ. ಸಮಯ ಇದ್ದವರು, ಕಾರು ಇದ್ದವರು, ಇಂಗ್ಲಿಷ್ ಬರುವವರು ಮಾತ್ರ ಸಭೆಯಲ್ಲಿ ತುಂಬಿಕೊಳ್ಳುತ್ತಾರೆ. ಹಾಗಾದರೆ ಪಾಲಕರ ಭಾಗವಹಿಸುವಿಕೆ ಅನ್ನುವುದು ಕೆಲವೇ ಮನೆಗಳ ದರ್ಬಾರು ಆಗಿಬಿಡುತ್ತದೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನ ಶಾಲೆಗಳೂ ಇಲ್ಲಿ ಎಡವುತ್ತವೆ.

ಸರಿಯಾಗಿ ಮಾಡುವವರು ಭಾನುವಾರ ಬೆಳಿಗ್ಗೆ ಅಥವಾ ರಾತ್ರಿ ಎಂಟಕ್ಕೆ ಪಾಲಕ ಸಭೆ ಇಡುತ್ತಾರೆ. ಚಿಕ್ಕ ಮಕ್ಕಳನ್ನು ಜೊತೆಗೆ ಕರೆತನ್ನಿ, ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಬರಲಾಗದವರಿಗೆ ಟೀಚರ್ ಹತ್ತು ನಿಮಿಷ ಫೋನ್ ಮಾಡುತ್ತಾರೆ. ಮನೆಯಲ್ಲೇ ಕೂತು ಮಾಡುವ ಕೆಲಸವೂ ಇರುತ್ತದೆ: ಲೈಬ್ರರಿ ಪುಸ್ತಕಕ್ಕೆ ಹೊದಿಕೆ ಹಾಕುವುದು, ಬಟನ್, ಬೀಜ ಕೂಡಿಸಿ ಎಣಿಕೆಯ ಡಬ್ಬಿ ಮಾಡುವುದು, ಒಂದು ಕಥೆಯನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿ ಕಳಿಸುವುದು. ಸಭೆಗೆ ಬರದಿದ್ದರೆ ದಂಡ ಹಾಕುವ, ಅಥವಾ ಮಗುವಿನ ಮುಂದೆ 'ನಿಮ್ಮಮ್ಮ ಬರಲೇ ಇಲ್ಲ' ಅನ್ನುವ ಶಾಲೆಯಿಂದ ದೂರ ಇರಿ.

ನಮ್ಮನೆಯವ್ರು ಶಾಲೆ ಕಡೆ ತಲೇನೇ ಹಾಕಲ್ಲ. ಎಲ್ಲಾ ನಾನೇ.

ಇದು ಎಲ್ಲಾ ಮನೆಯ ಗೋಳು. 'ಮೀಟಿಂಗಿಗೆ ಬನ್ನಿ' ಎಂದರೆ ಬರುವುದಿಲ್ಲ, 'ಜೋಕಾಲಿ ಮುರಿದಿದೆ, ಶನಿವಾರ ರಿಪೇರಿಗೆ ಬನ್ನಿ' ಎಂದರೆ ಬರುತ್ತಾರೆ. ಒಮ್ಮೆ ಒಳಗೆ ಕಾಲಿಟ್ಟ ಅಪ್ಪ ಮಗುವಿನ ಟೀಚರ್ ಹೆಸರು ತಿಳಿದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಸುಲಭ. ಊರಿಂದ ಬಂದ ಅಜ್ಜ ಅಜ್ಜಿಯನ್ನೂ ಕಳಿಸಿ.

ಪಾಲಕರು ಜಾಸ್ತಿ ತಲೆ ಹಾಕಿದ್ರೆ ಟೀಚರ್‌ಗೆ ಕಿರಿಕಿರಿ ಅಲ್ವಾ?

ಖಂಡಿತ. ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನುವುದು ಟೀಚರ್ ಕೆಲಸ. ನಮ್ಮ ಮಗುವಿನ ಬಗ್ಗೆ ನಮಗೆ ತಿಳಿದದ್ದನ್ನು ಹೇಳುವುದು ನಮ್ಮ ಕೆಲಸ. ಬೇರೆ ಮಗುವಿನ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವುದು ಯಾರ ಕೆಲಸವೂ ಅಲ್ಲ. ಟೀಚರ್‌ಗೆ ಸಂಜೆ ಆರರ ಮೇಲೆ ಮೆಸೇಜು ಹಾಕಬಾರದು ಅನ್ನುವ ನಿಯಮ ಇದ್ದರೆ ಖುಷಿಯಿಂದ ಪಾಲಿಸಿ. ಅವರಿಗೂ ಮನೆ ಇದೆ.

ವ್ಯಾನ್ ಕಾಕಾನನ್ನು ನಂಬಬಹುದಾ? ಸೇಫ್ಟಿ ಯಾರು ನೋಡ್ತಾರೆ?

2011ರ ಶಾಲಾ ಬಸ್ ನಿಯಮಗಳ ಪ್ರಕಾರ ಪ್ರತಿ ಶಾಲೆಯಲ್ಲೂ ಸಾರಿಗೆ ಸಮಿತಿ ಇರಬೇಕು. ಮುಖ್ಯಾಧ್ಯಾಪಕರು ಅಧ್ಯಕ್ಷರು, ಪಾಲಕರ ಪ್ರತಿನಿಧಿಯೂ ಅದರಲ್ಲಿ ಇರಬೇಕು. ಕಡಿಮೆ ಫೀಸಿನ ಶಾಲೆಗಳಲ್ಲಿ ಇದು ಕಾಗದದ ಮೇಲಷ್ಟೇ ಉಳಿಯುವುದುಂಟು, ಹಾಗಾಗಿ ಸಭೆ ಯಾವಾಗ ಎಂದು ಕೇಳುತ್ತಿರಿ. ವ್ಯಾನಿನ ಪರ್ಮಿಟ್ಟು, ಮಕ್ಕಳ ಸಂಖ್ಯೆ, ಜೊತೆಗೆ ಹೆಂಗಸು ಇದ್ದಾರಾ, ಇಷ್ಟನ್ನು ನೀವೇ ಒಮ್ಮೆ ನಿಂತು ನೋಡಿ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅನ್ನುವ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದೂ ಮುಚ್ಚಿಡುವುದು ಅಪರಾಧ, ಶಾಲೆಗೂ ಇದು ಅನ್ವಯಿಸುತ್ತದೆ.

## ಇನ್ನೂ ಮುಂದಿನ ಪ್ರಶ್ನೆಗಳು

ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ಹತ್ತನೇ ಕ್ಲಾಸಲ್ಲಿ ಗತಿ ಏನು?

ಪರೀಕ್ಷೆ ಇಲ್ಲ ಅನ್ನುವುದು ಅರ್ಧ ಸತ್ಯ. ಚಿಕ್ಕ ತರಗತಿಯಲ್ಲಿ ಟೀಚರ್ ದಿನವೂ ಗಮನಿಸಿ ಬರೆದಿಡುತ್ತಾರೆ, ಮಗು ತನ್ನ ಫೈಲು ತೆರೆದು ತಾನು ಮಾಡಿದ್ದನ್ನು ನಿಮಗೆ ವಿವರಿಸುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2023ರಲ್ಲಿ ಮಹಾರಾಷ್ಟ್ರ ಸರ್ಕಾರ 5 ಮತ್ತು 8ನೇ ತರಗತಿಗೆ ವಾರ್ಷಿಕ ಪರೀಕ್ಷೆ ತಂದಿದೆ. ಪಾಸಾಗದವರಿಗೆ ಮರುಪರೀಕ್ಷೆ, ಅದರಲ್ಲೂ ಆಗದಿದ್ದರೆ ಮತ್ತೆ ಅದೇ ತರಗತಿ. ಎಂಟರಿಂದ ಮುಂದೆ ಒಳ್ಳೆಯ ಶಾಲೆಗಳೂ ಸಮಯ ಹಿಡಿದು ಉತ್ತರ ಬರೆಯುವ ಅಭ್ಯಾಸ ಮಾಡಿಸುತ್ತವೆ.

ನೀವು ಕೇಳಬೇಕಾದ್ದು ಬೇರೆ: ಮೂರನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವಿಗೂ ಓದಲು, ಅರ್ಥ ಮಾಡಿಕೊಳ್ಳಲು, ಕೂಡಿಸಿ ಕಳೆಯಲು ಬರುತ್ತದಾ? ಬರದ ಮಗುವಿಗೆ ಏನು ಮಾಡುತ್ತೀರಿ? 'ಅದರ ಪಾಡಿಗೆ ಬರುತ್ತದೆ ಬಿಡಿ' ಅನ್ನುವ ಉತ್ತರಕ್ಕೆ ಸಮಾಧಾನ ಪಡಬೇಡಿ. ಮಗುವಿನ ಮೇಲೆ ಒತ್ತಡ ಹಾಕದಿರುವುದು ಒಂದು, ಮಗುವನ್ನು ಹಾಗೇ ಬಿಟ್ಟುಬಿಡುವುದು ಇನ್ನೊಂದು.

ಫೀಸ್ ಒಮ್ಮೆಲೇ ಏರಿಸಿದ್ರು. ಕೇಳೋ ಹಕ್ಕು ನಮಗೆ ಇದೆಯಾ?

ಇದೆ. ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ನಿಮಗೆ ಗೊತ್ತಲ್ಲ, ಮಹಾರಾಷ್ಟ್ರದ ಖಾಸಗಿ ಶಾಲೆಗಳಲ್ಲಿ ಪಾಲಕ-ಶಿಕ್ಷಕ ಸಂಘಕ್ಕೆ ಅದಕ್ಕಿಂತ ಜಾಸ್ತಿ ಬಲವಿರುವ ಒಂದು ವಿಷಯ ಫೀಸು. 2011ರ ಫೀಸು ನಿಯಂತ್ರಣ ಕಾಯ್ದೆಯಂತೆ ಸಂಘದ ಕಾರ್ಯಕಾರಿ ಸಮಿತಿ ಒಪ್ಪದೆ ಆಡಳಿತ ಮಂಡಳಿ ಫೀಸು ಏರಿಸುವಂತಿಲ್ಲ. ಪ್ರಸ್ತಾವವನ್ನು ಶಾಲೆಯ ವರ್ಷ ಶುರುವಾಗುವ ಆರು ತಿಂಗಳು ಮೊದಲು ಲೆಕ್ಕಪತ್ರದ ಜೊತೆ ಸಮಿತಿಯ ಮುಂದಿಡಬೇಕು. ಒಪ್ಪಿದ ಫೀಸು ಎರಡು ವರ್ಷ ಬದಲಾಗುವುದಿಲ್ಲ. ಒಪ್ಪಿಗೆ ಆಗದಿದ್ದರೆ ವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ.

ಸಮಿತಿಗೆ ಪಾಲಕರನ್ನು ಆರಿಸುವುದು ಚೀಟಿ ಎತ್ತಿ. ಹಾಗಾಗಿ ಓದಿದವರು, ಪರಿಚಯ ಇದ್ದವರು ಎಂದಿಲ್ಲ, ಯಾರ ಹೆಸರಾದರೂ ಬರಬಹುದು. ಶಾಲೆ ಶುರುವಾದ ಮೊದಲ ತಿಂಗಳೇ ಹೆಸರು ಕೊಡಿ. ಲೆಕ್ಕಪತ್ರ ಓದಲು ಬರುವ ಪಾಲಕರು ಒಬ್ಬರಾದರೂ ಇರುತ್ತಾರೆ, ಅವರ ಪಕ್ಕ ಕೂತು ಕಲಿಯಿರಿ.

ಆರ್‌ಟಿಇ ಸೀಟು ಕರ್ನಾಟಕದಿಂದ ಬಂದೋರಿಗೆ ಸಿಗುತ್ತಾ?

ಇಲ್ಲಿ ವಾಸ ಇರುವ ಪುರಾವೆ ಇದ್ದರೆ ಅರ್ಜಿ ಹಾಕಬಹುದು. ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಪ್ರಕಾರ ಅನುದಾನವಿಲ್ಲದ ಖಾಸಗಿ ಶಾಲೆಗಳು ಮೊದಲ ತರಗತಿಯಲ್ಲಿ 25% ಸೀಟನ್ನು ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಆರ್ಥಿಕವಾಗಿ ಹಿಂದುಳಿದವರಿಗೆ ವರ್ಷದ ಆದಾಯದ ಮಿತಿ 1 ಲಕ್ಷ ರೂಪಾಯಿ. ಆನ್‌ಲೈನ್ ಅರ್ಜಿ, ಲಾಟರಿ. ಜಾತಿಯ ಆಧಾರದಲ್ಲಿ ಹಾಕುವವರಿಗೆ ಕರ್ನಾಟಕದ ಪ್ರಮಾಣಪತ್ರ ನಡೆಯುವುದಿಲ್ಲ, ಇಲ್ಲೇ ಹಲವರು ಸಿಕ್ಕಿ ಬೀಳುತ್ತಾರೆ. ಅಂಥವರು ಆದಾಯದ ದಾರಿ ನೋಡಲಿ.

ಕರ್ನಾಟಕ 2019ರ ಹೊತ್ತಿಗೆ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಹಾಗಾಗಿ ಊರಲ್ಲಿ ಸಿಗದ ಸೀಟು ಇಲ್ಲಿ ಇದೆ. ನೆನಪಿರಲಿ, ಉಚಿತ ಇರುವುದು 8ನೇ ತರಗತಿವರೆಗೆ ಮಾತ್ರ. ಒಂಬತ್ತಕ್ಕೆ ಫೀಸು ಎಷ್ಟಾಗುತ್ತದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ನಡುವೆ ಊರಿಗೆ ವಾಪಸ್ ಹೋಗ್ಬೇಕಾದ್ರೆ?

ಕರ್ನಾಟಕದ ಟಿಸಿಯನ್ನು ಇಲ್ಲಿ ಎಲ್‌ಸಿ (ಲೀವಿಂಗ್ ಸರ್ಟಿಫಿಕೇಟ್) ಅನ್ನುತ್ತಾರೆ. 8ನೇ ತರಗತಿವರೆಗೆ ಅದು ತಡವಾಯಿತು ಎಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರಿನ ಅಕ್ಷರ ಆಧಾರ್‌ನಲ್ಲಿರುವ ಹಾಗೇ ಇದೆಯೇ ಎಂದು ಕೈಗೆ ಸಿಕ್ಕ ದಿನವೇ ನೋಡಿ. ಅಂಕಪಟ್ಟಿಯ ಬದಲು ಬರೀ ವಿವರಣೆ ಬರೆದು ಕೊಡುವ ಶಾಲೆಯಾದರೆ ತರಗತಿ ಮುಗಿಸಿದ್ದಾನೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.

ನಾವೇ ಹತ್ತು ಮನೆಯವರು ಸೇರಿ ಇಂಥದ್ದೊಂದು ಶುರು ಮಾಡಬಹುದಾ?

ಆಸೆ ಒಳ್ಳೆಯದು, ಅವಸರ ಬೇಡ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000ದವರೆಗೆ. ಹೊಸ ಶಾಲೆಗೆ ನೋಂದಾಯಿತ ಟ್ರಸ್ಟ್ ಅಥವಾ ಸಂಸ್ಥೆ ಬೇಕು, 2012ರ ಸ್ವಯಂ ಅರ್ಥಸಹಾಯಿತ (ಸ್ವಂತ ಹಣದಲ್ಲಿ ನಡೆಯುವ) ಶಾಲೆಗಳ ಕಾಯ್ದೆಯಲ್ಲಿ ಅನುಮತಿ ಬೇಕು, ಜಾಗ ಮತ್ತು ಠೇವಣಿ ಬೇಕು.

ಅದರ ಬದಲು ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಶನಿವಾರ ಎರಡು ಗಂಟೆ ಮಕ್ಕಳನ್ನು ಸೇರಿಸಿ. ಒಂದು ವಾರ ಕನ್ನಡದ ಕಥೆ, ಒಂದು ವಾರ ಅಡುಗೆಯ ಅಳತೆ, ಒಂದು ವಾರ ಮಣ್ಣಿನ ಕೆಲಸ. ಸರದಿಯ ಮೇಲೆ ಇಬ್ಬಿಬ್ಬರು ಪಾಲಕರು ನಡೆಸಲಿ. ವಾಚ್‌ಮನ್ ಮಕ್ಕಳು, ಮನೆಗೆಲಸದವರ ಮಕ್ಕಳೂ ಬರಲಿ, ಫೀಸು ಇಲ್ಲ. ಎರಡು ವರ್ಷ ಒಂದು ಶನಿವಾರವೂ ತಪ್ಪದೆ ನಡೆದು, ಹತ್ತರಲ್ಲಿ ಆರು ಮನೆ ಉಳಿದುಕೊಂಡರೆ ಆಮೇಲೆ ಟ್ರಸ್ಟಿನ ಕಾಗದ ತೆಗೆಯಿರಿ.